ಉಸ್ತಾದರ ಎಡಗೈ ಹೆಬ್ಬೆರಳು

ಹೊಳಲ್ಕೆರೆಯ ಆ ಮದುವೆ ಮೆರವಣಿಗೆಯಲ್ಲಿ ನಮ್ಮ ಉಸ್ತಾದರ ಕ್ಲಾರಿನೆಟ್ಟು ಕಿರುಚಿದ ರಭಸಕ್ಕೆ ಎರಡು ಎಮ್ಮೆ, ಒಂದು ಬೈಕು ಮತ್ತು ಮದುಮಗನ ಸೋದರಮಾವ ಒಟ್ಟಿಗೆ ಬೆಚ್ಚಿದರು. ಎಮ್ಮೆ ಒಂದೇ ಇತ್ತು, ಬೈಕು ಸ್ಟ್ಯಾಂಡ್ ಹಾಕಿ ನಿಂತಿತ್ತು ಎಂದು ನಮ್ಮ ಬ್ಯಾಂಡಿನಲ್ಲಿ ಡೋಲು ಬಾರಿಸುವ ಮಾವ ಈಗಲೂ ವಾದಿಸುತ್ತಾರೆ. ಸೋದರಮಾವನ ವಿಷಯದಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು. ಅವನ ಕೈಯಲ್ಲಿದ್ದ ಮೈಸೂರುಪಾಕು ಚರಂಡಿಗೆ ಬಿತ್ತು.

ನಾನು ಸೈಡ್ ಡ್ರಮ್. ವಯಸ್ಸು ಹದಿನೆಂಟು. ಚಿತ್ರದುರ್ಗದ ಬ್ಯಾಂಡ್‌ಸೆಟ್ಟುಗಳಲ್ಲಿ ನನ್ನಷ್ಟು ವೇಗವಾಗಿ ಬಾರಿಸುವವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲ. ಉಸ್ತಾದರು ನಮ್ಮ ಬ್ಯಾಂಡಿನ ಯಜಮಾನರು. ಅವರ ಅಪ್ಪ, ಅಜ್ಜ ಎಲ್ಲರೂ ದುರ್ಗದ ಕೋಟೆ ಬುಡದ ಕೇರಿಯಲ್ಲಿ ಊದುತ್ತಲೇ ಬದುಕಿದವರು.

ಕ್ಲಾರಿನೆಟ್ಟಿನ ಹಿಂಬದಿಯಲ್ಲಿ ಎಡಗೈ ಹೆಬ್ಬೆರಳಿಗೆಂದು ಒಂದು ಪುಟ್ಟ ಕೀಲಿ ಇರುತ್ತದೆ. ಅದನ್ನು ಮುಟ್ಟಿದರೆ ಕೆಳಗಡೆ ನಡೆಯುತ್ತಿದ್ದ ಸ್ವರ ಒಂದೇ ನೆಗೆತಕ್ಕೆ ಮೇಲಿನ ಮಹಡಿಗೆ ಹೋಗುತ್ತದೆ. ಉಸ್ತಾದರ ಹೆಬ್ಬೆರಳು ಆಗಾಗ ತಾನಾಗಿ ಅದುರಿ ಆ ಕೀಲಿಯನ್ನು ಬಡಿಯುತ್ತಿತ್ತು. ಸ್ವರ ನೆಗೆದು, ಬಿದ್ದು, ಮತ್ತೆ ನೆಗೆದು ಆಮೇಲೆ ನಿಂತುಬಿಡುತ್ತಿತ್ತು. ಉಸ್ತಾದರು ಕ್ಲಾರಿನೆಟ್ಟು ಕೆಳಗಿಳಿಸಿ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದರು.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹೊರಟ ಬಾಜಾ ಮಂಟಪ ಮುಟ್ಟುವ ತನಕ ನಿಲ್ಲಬಾರದು. ನಿಂತರೆ ಮದುವೆಗೆ ಒಳ್ಳೆಯದಲ್ಲ ಎಂದು ಹೆಣ್ಣಿನ ಕಡೆಯವರು ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಹಾಗಾಗಿ ಕ್ಲಾರಿನೆಟ್ಟು ನಿಂತ ಕ್ಷಣಕ್ಕೆ ನಾನು ಉರುಳು ಹಾಕುತ್ತಿದ್ದೆ. ಉರುಳು ಎಂದರೆ ಎರಡು ಕೋಲೂ ಸೇರಿ ಮಳೆ ಸುರಿದಂತೆ ಬಾರಿಸುವುದು. ಉಸ್ತಾದರು ಮತ್ತೆ ಊದುವ ತನಕ ಅದು ನಡೆಯಬೇಕು. ಜನ ಇದನ್ನೆಲ್ಲ ಬೇಕೆಂದೇ ಮಾಡುವ ಕರಾಮತ್ತು ಎಂದುಕೊಂಡು ಶಿಳ್ಳೆ ಹೊಡೆಯುತ್ತಿದ್ದರು. ನಿಜ ಹೇಳಬೇಕೆಂದರೆ ನಾವೂ ಹಾಗೇ ಅಂದುಕೊಂಡಿದ್ದೆವು. ಎರಡು ವರ್ಷ ನಮ್ಮ ಬ್ಯಾಂಡಿಗೆ ಹೆಸರು ಬಂದದ್ದೇ ಆ ನೆಗೆತದಿಂದ. "ಆ ಚೀರೋ ಬ್ಯಾಂಡ್‌ನೋರ್ನೇ ಕರ್ಸ್ರಿ" ಎಂದು ಹುಡುಕಿಕೊಂಡು ಬರುತ್ತಿದ್ದರು.

ಹಿರಿಯೂರಿನಲ್ಲಿ ಉಸ್ತಾದರು ಬಿದ್ದರು.

ಬೆಳಗಿನ ಹತ್ತೂವರೆ ಗಂಟೆ. ಹೆಬ್ಬೆರಳು ಅದುರಿತು, ಕೈ ಅದುರಿತು, ಆಮೇಲೆ ಇಡೀ ಮೈ. ಅವರು ಬೀಳುವಾಗಲೂ ನಾನು ಉರುಳು ನಿಲ್ಲಿಸಲಿಲ್ಲ, ಅಷ್ಟು ಶಿಸ್ತಿನ ಕಲಾವಿದ ನಾನು. ಡೋಲಿನ ಮಾವ ಬಂದು ನನ್ನ ಕೋಲು ಕಿತ್ತುಕೊಂಡರು.

"ಲೇ, ಕಬ್ಬಿಣ ಕೊಡ್ರಲೇ ಕೈಗೆ! ಕಬ್ಬಿಣ!" ಎಂದು ಯಾರೋ ಕೂಗಿದರು.

ಟ್ರಂಪೆಟ್ಟಿನವನು ತನ್ನ ಟ್ರಂಪೆಟ್ಟನ್ನೇ ಉಸ್ತಾದರ ಮುಷ್ಟಿಗೆ ತುರುಕಲು ಹೋದ.

"ಅದು ಹಿತ್ತಾಳೆ ಕಣೋ ಮಂಕೆ!" ಎಂದರು ಮಾವ.

"ಹಿತ್ತಾಳೆ ನಡೆಯಲ್ವಾ?"

"ನಡೆಯಂಗಿದ್ರೆ ಬಿಂದಿಗೆ ಕೊಡ್ತಿರ್ಲಿಲ್ವಾ!"

ಈ ಚರ್ಚೆ ಮುಗಿಯುವಷ್ಟರಲ್ಲಿ ಉಸ್ತಾದರ ಮೈಯ ಅದುರು ತಾನಾಗಿಯೇ ನಿಂತಿತು. ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಬಾಜಾ ಯಾಕೋ ನಿಲ್ಸಿದ್ರಿ?"

ಮರುದಿನ ದುರ್ಗದ ನರರೋಗದ ಡಾಕ್ಟರಮ್ಮನ ಹತ್ತಿರ ಹೋದೆವು. ಉಸ್ತಾದರು, ಅವರ ಮಗಳು ಮತ್ತು ನಾನು. ಮಗಳು ಶಾಲೆಯಲ್ಲಿ ಟೀಚರು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ತರಲೆ ಎನ್ನುತ್ತಾರೆ. ಕಬ್ಬಿಣದ ಕಥೆ ಕೇಳಿ ಡಾಕ್ಟರಮ್ಮ ಹಣೆ ಒತ್ತಿಕೊಂಡರು.

"ಫಿಟ್ಸ್ ಬಂದಾಗ ಕೈಗೆ ಏನೂ ಕೊಡ್ಬೇಡ್ರಿ, ಬಾಯಿಗೂ ಏನೂ ಹಾಕ್ಬೇಡ್ರಿ. ಒಂದು ಮಗ್ಗಲಿಗೆ ಹೊರಳಿಸಿ ಮಲಗಿಸ್ರಿ, ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಡ್ರಿ, ಗಡಿಯಾರ ನೋಡ್ರಿ. ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಓಡ್ರಿ. ಅಷ್ಟೇ."

ದಾವಣಗೆರೆಯಲ್ಲಿ ಸ್ಕ್ಯಾನ್ ಆಯಿತು. ಮಿದುಳಿನ ಬಲಭಾಗದಲ್ಲಿ, ಎಡಗೈಯನ್ನು ಆಡಿಸುವ ಜಾಗದ ಪಕ್ಕಕ್ಕೇ, ಒಂದು ಗಡ್ಡೆ. ಡಾಕ್ಟರಮ್ಮ ಚಿತ್ರವನ್ನು ದೀಪದ ಮುಂದೆ ಹಿಡಿದು ತೋರಿಸಿದರು. ನನಗೆ ಕಂಡದ್ದು ಹೂಕೋಸು. ಹೇಳಲಿಲ್ಲ. ನನ್ನಂಥವನೂ ಬಾಯಿ ಮುಚ್ಚಿಕೊಂಡಿರುವ ಹೊತ್ತು ಅದು.

"ನೋಡಿದ್ರೆ ನಿಧಾನಕ್ಕೆ ಬೆಳೆಯೋ ಜಾತಿ ಥರ ಐತೆ" ಎಂದರು. "ಇಂಥವು ಎಷ್ಟೋ ಸಲ ಫಿಟ್ಸ್ ಮೂಲಕಾನೇ ಗೊತ್ತಾಗೋದು. ಒಂದು ಲೆಕ್ಕದಾಗೆ ನಿಮ್ಮ ಹೆಬ್ಬೆರಳು ಮೊದ್ಲೇ ಕೂಗಿ ಹೇಳೈತೆ. ನಿಧಾನದ ಗಡ್ಡೆ ಇಟ್ಕೊಂಡು ಬಹಳ ವರ್ಷ ಚೆನ್ನಾಗಿ ಇರೋರು ಅವ್ರೆ. ಆಪರೇಷನ್ ಬೇಕಾಗುತ್ತೆ, ಆದ್ರೆ ಎಷ್ಟು ತೆಗೀಬೇಕು ಅನ್ನೋದು ಪ್ರಶ್ನೆ. ನಿಧಾನದ್ದೇ ಆದ್ರೆ ಕೈ ಪಕ್ಕದ ಒಂದು ಅಂಚು ಬಿಟ್ಟು ತೆಗೀಬಹುದು. ಅದು ಜೋರಾಗಿ ಬೆಳೀತಿದ್ರೆ ಅಂಚು ಬಿಡೋಕಾಗಲ್ಲ."

"ಬಿಡ್ದೇ ಇದ್ರೆ?" ಎಂದು ಅಕ್ಕ ಕೇಳಿದರು.

"ಎಡಗೈ ಹೋಗಬಹುದು."

ಉಸ್ತಾದರು ತಮ್ಮ ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡರು, ಯಾರೋ ಅದನ್ನು ಕದಿಯಲು ಬಂದಂತೆ.

ಮಾತ್ರೆ ಬರೆದರು. ಗಾಡಿ ಓಡಿಸಬೇಡಿ, ನೆಲದ ಮೇಲೆ ನಿಂತು ಊದಬಹುದು, ಆದರೆ ಪಕ್ಕದಲ್ಲಿ ಒಬ್ಬ ಇರಬೇಕು ಎಂದರು. ಆ ಒಬ್ಬ ಪ್ರತಿ ಸಲವೂ ಬರೆದಿಡಬೇಕು. ಎಲ್ಲಿಂದ ಶುರುವಾಯಿತು, ಎಲ್ಲಿಯ ತನಕ ಹೋಯಿತು, ಎಷ್ಟು ಹೊತ್ತು, ಎಚ್ಚರ ಇತ್ತೋ ಇಲ್ಲವೋ. "ಫಿಟ್ಸ್ ನಡೆ ಬದಲಾಗ್ತಿದ್ರೆ ಗಡ್ಡೆ ಬದಲಾಗ್ತಿರಬಹುದು. ನಂಗೆ ಅದು ತಿಳೀಬೇಕು."

"ನಾನಿದ್ದೀನಿ ಮೇಡಂ" ಎಂದೆ. "ನಮ್ಮ ನಡೆ ಸೆಕೆಂಡಿಗೆ ಡೋಲಿನ ಎರಡು ಪೆಟ್ಟು. ನಂಗೆ ಗಡಿಯಾರಾನೇ ಬೇಡ."

ಅದು ನಿಜವೇ. ತೊಂದರೆ ಎಣಿಸುವುದರಲ್ಲಿ ಬರಲಿಲ್ಲ, ಬರೆಯುವುದರಲ್ಲಿ ಬಂತು.

ಮೊದಲನೆಯದು ಹಾಲುರಾಮೇಶ್ವರದ ಒಂದು ಮದುವೆಯಲ್ಲಿ. ಎಂಬತ್ತು ಪೆಟ್ಟು, ಅಂದರೆ ನಲವತ್ತು ಸೆಕೆಂಡು. ಹೆಬ್ಬೆರಳಿಂದ ಮಣಿಕಟ್ಟಿನ ತನಕ. ಒಂದು ನೋಟ್‌ಪುಸ್ತಕದಲ್ಲಿ ಹಾಗೇ ಬರೆದೆ. ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರೂ ಉಸ್ತಾದರನ್ನು ನೋಡದೆ ಕಿಟಕಿ ನೋಡುತ್ತಿದ್ದರು. ಹೆಣ ಸಾಗಿಸುವ ಗಾಡಿಯಂತಿತ್ತು. ನನಗೆ ತಡೆಯಲಾಗಲಿಲ್ಲ. ಪುಸ್ತಕ ತೆಗೆದು ಓದುವವನಂತೆ ನಟಿಸಿದೆ. "ಹೆಬ್ಬೆರಳು ಹೊರಟಿತು. ಮಣಿಕಟ್ಟು ದಾಟಿತು. ಮೊಣಕೈಯಲ್ಲಿ ಟೀ ಕುಡಿಯಿತು. ಭುಜ ಹತ್ತಿ ಕೆನ್ನೆಗೆ ಬಂದು, ಹುಬ್ಬು ಕುಣಿಸಿ, ಟೋಪಿಯ ಗರಿಯನ್ನು ಅಲ್ಲಾಡಿಸಿ ಇಳಿದು ಹೋಯಿತು. ಒಟ್ಟು ಪ್ರಯಾಣ ಮೂರು ನಿಮಿಷ."

ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಮ್ಮೆ ಓದೋ ಬೇಟಾ!" ಎಂದರು. ಇಡೀ ಟೆಂಪೋ ನಕ್ಕಿತು.

ಆಮೇಲೆ ನಾನು ಹಾಗೇ ಬರೆಯತೊಡಗಿದೆ. ಪ್ರತಿ ಮದುವೆಯ ನಂತರ ಎಲ್ಲರೂ ಓದು ಓದು ಎನ್ನುತ್ತಿದ್ದರು. ಹೋದ ಸಲಕ್ಕಿಂತ ಜೋರಾಗಿರಬೇಕಲ್ಲ? ಮೂರು ನಿಮಿಷ ನಾಲ್ಕಾಯಿತು, ನಾಲ್ಕು ಐದರ ಹತ್ತಿರ ಬಂತು. ನಲವತ್ತು ಸೆಕೆಂಡನ್ನು ಯಾರು ಕೇಳುತ್ತಾರೆ? ನಿಜ ನನ್ನ ತಲೆಯಲ್ಲಿ ಭದ್ರವಾಗಿದೆ, ಡಾಕ್ಟರಮ್ಮನಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ಆದರೆ ಎರಡು ತಿಂಗಳ ನಂತರದ ಭೇಟಿಗೆ ಮುಂಚೆ ಅಕ್ಕ ಆ ಪುಸ್ತಕ ಇಸಿದುಕೊಂಡು ಟೀಚರಮ್ಮನ ಅಕ್ಷರದಲ್ಲಿ ಶುದ್ಧ ಪ್ರತಿ ಮಾಡಿಬಿಟ್ಟಿದ್ದರು. ಅವರು ಯಾವ ಮದುವೆಗೂ ಬಂದವರಲ್ಲ. ನನ್ನ ತರಲೆ ಎಲ್ಲಿದೆ ಎಂದು ಅವರೇ ಊಹಿಸಿದ್ದರು. ಟೀ ತೆಗೆದರು, ಹುಬ್ಬು ತೆಗೆದರು, ಗರಿ ತೆಗೆದರು. ಭುಜ, ಕೆನ್ನೆ, ನಿಮಿಷಗಳನ್ನು ಹಾಗೇ ಉಳಿಸಿದರು. ಸುಳ್ಳಿನ ಬಟ್ಟೆ ಬಿಚ್ಚಿ, ಸ್ನಾನ ಮಾಡಿಸಿ, ತಲೆ ಬಾಚಿ ಡಾಕ್ಟರಮ್ಮನ ಮುಂದೆ ನಿಲ್ಲಿಸಿದಂತಾಯಿತು.

ಡಾಕ್ಟರಮ್ಮ ಓದುತ್ತಾ ಹೋದಂತೆ ಅವರ ಪೆನ್ನು ನಿಧಾನವಾಯಿತು.

"ಇದು ಸರಿ ಹೋಗ್ತಿಲ್ಲ. ಮೊದ್ಲು ಕೈ, ಈಗ ಕೆನ್ನೆ. ಹೊತ್ತೂ ಜಾಸ್ತಿ ಆಗ್ತಾನೇ ಐತೆ." ಹೊಸ ಸ್ಕ್ಯಾನನ್ನು ಪಕ್ಕಕ್ಕಿಟ್ಟರು. "ಸ್ಕ್ಯಾನ್ ನೋಡಿದ್ರೆ ಶಾಂತವಾಗೈತೆ. ಈ ಪುಸ್ತಕ ನೋಡಿದ್ರೆ ಓಡ್ತಾ ಐತೆ. ಎರಡೂ ಹೊಂದಲ್ಲ." ನನ್ನ ಕಡೆ ತಿರುಗಿದರು. "ನೀನೇ ಬರ್ದಿದ್ದಾ? ಕಣ್ಣಾರೆ ನೋಡಿ?"

ಈಗ ಹೇಳಬೇಕಿತ್ತು. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಉಸ್ತಾದರು ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದರು. ನಾನು ಎದೆ ಉಬ್ಬಿಸಿ, "ಹೂಂ ಮೇಡಂ, ಕಣ್ಣಾರೆ" ಎಂದೆ.

ಉಸ್ತಾದರ ಕಡೆ ತಿರುಗಿ, "ನಿಮ್ಗೆ ಏನನ್ಸುತ್ತೆ?" ಎಂದರು ಡಾಕ್ಟರಮ್ಮ.

"ನಂಗೆ ಆವಾಗ ಒಂದು ಗಂಟೆ ಆದಂಗೆ ಅನ್ಸುತ್ತೆ ಮೇಡಂ. ಕೆನ್ನೆಗೆ ಬಂದಿದ್ದು ಮಾತ್ರ ಗೊತ್ತಾಗ್ಲೇ ಇಲ್ಲ."

"ಗೊತ್ತಾಗ್ದೇ ಇರೋದೂ ಒಳ್ಳೇದಲ್ಲ."

ಮಾತ್ರೆ ಎರಡರಷ್ಟಾಯಿತು. ಮದುವೆ ಬಂದ್. ಬೆಂಗಳೂರಿನ ಸರ್ಜನ್ನಿಗೆ ಪತ್ರ ಹೋಯಿತು. ಹದಿನೈದು ದಿನ ಬಿಟ್ಟು ಬನ್ನಿ, ಅಷ್ಟರಲ್ಲಿ ಸರ್ಜನ್ ಹತ್ತಿರ ಮಾತಾಡುತ್ತೇನೆ, ಅಂಚು ಬಿಡದೆ ತೆಗೆಯಬೇಕಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು.

ಐದನೇ ದಿನ ಉಸ್ತಾದರ ಮನೆಗೆ ಹೋದೆ. ಹೆಚ್ಚಿದ ಮಾತ್ರೆಯಿಂದ ಅವರು ಹಗಲಲ್ಲೂ ತೂಕಡಿಸುತ್ತಾರೆ, ಸುಮ್ಮಸುಮ್ಮನೆ ರೇಗುತ್ತಾರೆ ಎಂದು ಅಕ್ಕ ಬಾಗಿಲಲ್ಲೇ ಹೇಳಿದರು. ಒಳಗೆ ಉಸ್ತಾದರು ಗೋಡೆಯ ಕನ್ನಡಿ ಎದುರು ಸ್ಟೂಲ್ ಹಾಕಿಕೊಂಡು ಕೂತಿದ್ದರು. ಎಡಗೆನ್ನೆಯನ್ನೇ ನೋಡುತ್ತಿದ್ದರು. ಬೆರಳಿಂದ ಒತ್ತುವುದು, ಬಿಡುವುದು, ನೋಡುವುದು.

"ಬೆಳಗ್ಗೆಯಿಂದ ಹಿಂಗೇ" ಎಂದರು ಅಕ್ಕ, ಮೆಲ್ಲಗೆ. "ಕೆನ್ನೆ ಅದ್ರೋದು ಗೊತ್ತಾಗ್ಬೇಕಂತೆ. ಗೊತ್ತಾದ್ರೆ ಡಾಕ್ಟರಮ್ಮಂಗೆ ಹೇಳ್ಬಹುದಂತೆ."

ಉಸ್ತಾದರು ಕನ್ನಡಿಯಲ್ಲೇ ನನ್ನನ್ನು ಕಂಡರು. "ಬಾರೋ ಬೇಟಾ. ಟೀ, ಗರಿ ನಿನ್ನ ತಮಾಷೆ, ಆದ್ರೆ ಕೆನ್ನೆ ಕಣ್ಣಾರೆ ನೋಡ್ದೋನು ನೀನು. ಎಲ್ಲಿ ಅದ್ರುತ್ತೆ ತೋರ್ಸು. ಇಲ್ಲೇನೋ? ಇಲ್ಲೇನೋ?"

ನಾನು ಜೀವನದಲ್ಲಿ ಮೊದಲ ಸಲ ಏನೂ ಮಾತಾಡದೆ ಹೊರಗೆ ಬಂದೆ. ಇದರಲ್ಲಿ ಒಂದು ಅಕ್ಷರವೂ ಉತ್ಪ್ರೇಕ್ಷೆಯಿಲ್ಲ.

ಬರೀ ಬಾಯಿಮಾತಲ್ಲಿ ಸುಳ್ಳು ಎಂದರೆ ಸಾಲದು. ಒಮ್ಮೆ ಐದು ನಿಮಿಷ ಎಂದವನು ಈಗ ನಲವತ್ತು ಸೆಕೆಂಡು ಎಂದರೆ ಯಾರು ನಂಬುತ್ತಾರೆ? ಕೋಟೆ ರಸ್ತೆಯ ಮೆಟ್ಟಿಲ ಮೇಲೆ ಡೋಲಿನ ಮಾವನ ಪಕ್ಕ ಕೂತು ಎಲ್ಲವನ್ನೂ ಕಕ್ಕಿದೆ. ಅವರು ನನ್ನ ತಲೆಗೆ ಒಂದು ಬಿಟ್ಟರು. ಅವರದು ಡೋಲು ಬಾರಿಸುವ ಕೈ, ನನ್ನ ಕಿವಿ ಸಂಜೆಯವರೆಗೂ ಗುಂಯ್ ಎಂದಿತು.

"ಮದ್ವೇಲಿ ವೀಡಿಯೋ ತೆಗೀತಾರಲ್ಲೋ" ಎಂದರು. "ಅದ್ರಾಗೆ ಇರಲ್ವೇನೋ?"

ನನಗೇ ಹೊಳೆದಿತ್ತು ಎಂದು ಹೇಳಬಹುದಿತ್ತು. ಹೊಳೆದದ್ದು ಅವರಿಗೆ.

ಆವತ್ತಿನಿಂದ ಹತ್ತು ದಿನ ನಾನು ಮಾಡಿದ ಕೆಲಸವನ್ನು ಪೊಲೀಸರೂ ಮಾಡಿರಲಾರರು. ಮದುವೆಯವರ ಹತ್ತಿರ ಇರುವ ಕತ್ತರಿಸಿ ಅಂಟಿಸಿದ ವೀಡಿಯೋ ಪ್ರಯೋಜನಕ್ಕೆ ಬರುವುದಿಲ್ಲ. ಅದರಲ್ಲಿ ಬಾಜಾ ಸದ್ದು ಅಳಿಸಿ ಸಿನಿಮಾ ಹಾಡು ಹಾಕಿರುತ್ತಾರೆ. ಕ್ಯಾಮೆರಾದಿಂದ ಇಳಿಸಿದ ಹಸಿ ವೀಡಿಯೋ ಬೇಕು. ಹೊಳಲ್ಕೆರೆಯ ಸ್ಟುಡಿಯೋದವನು ಕೇಳಿದ ತಕ್ಷಣ ಕೊಟ್ಟ. ಹಿರಿಯೂರಿನವನ ಕ್ಯಾಮೆರಾ ಇಡೀ ಮೆರವಣಿಗೆ ಮದುಮಗಳ ತಂಗಿಯೊಬ್ಬಳ ಮೇಲೇ ನಿಂತಿತ್ತು. ಉಸ್ತಾದರು ಅದರಲ್ಲಿ ಎಲ್ಲೂ ಇಲ್ಲ, ಆದರೆ ಸದ್ದು ಸ್ಪಷ್ಟ. ಹೊಸದುರ್ಗದವನು ಅಳಿಸಿಬಿಟ್ಟಿದ್ದ. ಆ ಮದುವೆ ಮಾಡಿದ ಬಾಗೂರಿನ ಮನೆಯವರ ಹತ್ತಿರ ಹಸಿ ವೀಡಿಯೋದ ಒಂದು ಪೆನ್‌ಡ್ರೈವ್ ಇದೆ ಎಂದ.

ಬಾಗೂರಿಗೆ ಹೋದೆ. ಮದುಮಗನ ತಾಯಿ ಬಾಗಿಲಲ್ಲೇ, "ಕುಂತ್ಕಳ್ರಿ, ಊಟ ಮಾಡ್ರಿ" ಎಂದರು. ಪೆನ್‌ಡ್ರೈವ್ ಕೇಳಿದ್ದಕ್ಕೆ ಟೀವಿಗೆ ಸಿಕ್ಕಿಸಿ ಅರಿಶಿನ ಶಾಸ್ತ್ರದಿಂದ ಶುರು ಮಾಡಿದರು.

"ನಂಗೆ ಮೆರವಣಿಗೆ ಒಂದೇ ಸಾಕು ಅಮ್ಮ."

"ಇರಪ್ಪ, ನಮ್ಮ ನಾದ್ನಿ ಬರ್ತಾಳೆ ಈಗ, ನೋಡು."

ನಾದಿನಿ ಬಂದರು. ಓರಗಿತ್ತಿ ಬಂದರು. ಆ ಊರಿನ ನಲವತ್ತು ಮನೆಯ ಜನರ ಗುರುತು ಈಗ ನನಗಿದೆ. ಮೂರನೆಯ ಸಲ ಸಾರು ಬಡಿಸುವಾಗ ಮೆರವಣಿಗೆ ಬಂತು.

ಅಲ್ಲಿ ನಾನೇ ಇದ್ದೆ. ಸ್ವರ ನೆಗೆಯಿತು, ನಿಂತಿತು. ನನ್ನ ಉರುಳು ಶುರುವಾಯಿತು. ಟೀವಿಯ ಮುಂದೆ ತಟ್ಟೆ ಹಿಡಿದು ಎಣಿಸಿದೆ. ಕ್ಲಾರಿನೆಟ್ಟು ಮತ್ತೆ ಸೇರಿದಾಗ ನಲವತ್ತೆರಡು ಪೆಟ್ಟು. ಇಪ್ಪತ್ತೊಂದು ಸೆಕೆಂಡು. ಪುಸ್ತಕದಲ್ಲಿ ಅದೇ ದಿನಕ್ಕೆ ನಾನು ಬರೆದದ್ದು ನಾಲ್ಕೂವರೆ ನಿಮಿಷ. ನನ್ನ ಸುಳ್ಳಿಗೆ ನನ್ನದೇ ಡ್ರಮ್ಮು ಸಾಕ್ಷಿ ಹೇಳುತ್ತಿತ್ತು, ಅದೂ ಎಷ್ಟು ಚೆನ್ನಾಗಿ ಬಾರಿಸುತ್ತಾ!

ಒಟ್ಟು ಒಂಬತ್ತು ತುಣುಕು ಸಿಕ್ಕವು. ಎರಡು ವರ್ಷ ಹಳೆಯದರಿಂದ ಕೊನೆಯ ಮದುವೆಯವರೆಗೆ. ಹಾಲುರಾಮೇಶ್ವರದ್ದರಲ್ಲಿ ಉಸ್ತಾದರ ಮುಖ ಪರದೆ ತುಂಬ ಇತ್ತು. ಕೈ ಅದುರುತ್ತಿದೆ, ಕೆನ್ನೆ ಕಲ್ಲಿನಂತಿದೆ. ಈ ಸಲ ಶುದ್ಧ ಪ್ರತಿಯನ್ನು ನಾನೇ ಮಾಡಿದೆ. ಪ್ರತಿ ತುಣುಕನ್ನು ಮೂರು ಸಲ ಎಣಿಸಿ, ಮೂರೂ ಸಲ ಒಂದೇ ಸಂಖ್ಯೆ ಬಂದರೆ ಮಾತ್ರ ಬರೆದೆ. ಡೋಲಿನ ಮಾವ ಪಕ್ಕದಲ್ಲಿ ಕೂತು ಬೇರೆಯಾಗಿ ಎಣಿಸಿದರು.

ಹದಿನೈದನೇ ದಿನ ಡಾಕ್ಟರಮ್ಮನ ಕೋಣೆಯಲ್ಲಿ, ಉಸ್ತಾದರು ಮತ್ತು ಅಕ್ಕನ ಎದುರಿಗೇ, ಕೂರುವ ಮೊದಲೇ ಹೇಳಿದೆ. "ಮೇಡಂ, ಆ ಪುಸ್ತಕದಾಗಿರೋದು ಸುಳ್ಳು."

"ಯಾವ್ದು?"

"ಮೊದಲ್ನೇದು ಒಂದ್ ಬಿಟ್ಟು ಎಲ್ಲಾ. ದಿನಾಂಕ ನಿಜ."

ಮೊದಲನೆಯದನ್ನೂ ಅಕ್ಕನಿಗೆ ಓದಲು ಕೊಡುವ ಮೊದಲು ಮೂರು ನಿಮಿಷಕ್ಕೆ ತಿದ್ದಿದ್ದೆ ಎಂಬುದು ನೆನಪಾಗಿ, "ಅದೂ ಸುಳ್ಳು" ಎಂದು ಸೇರಿಸಿದೆ.

ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಬಣ್ಣಿಸಲು ಹೋಗುವುದಿಲ್ಲ. ನಾನು ಫೋನ್ ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಒಂಬತ್ತೂ ತುಣುಕು ನೋಡಿದರು. ಕೆಲವನ್ನು ಗಡಿಯಾರ ಹಿಡಿದು ಎರಡು ಸಲ ನೋಡಿದರು. ಮದುಮಗಳ ತಂಗಿಯನ್ನೂ ನೋಡಬೇಕಾಯಿತು.

"ಎರಡು ವರ್ಷದಿಂದ ಒಂದೇ ಥರ" ಎಂದರು ಕೊನೆಗೆ. "ಅದೇ ಬೆರಳು, ಅದೇ ಮಣಿಕಟ್ಟು. ಹಿರಿಯೂರಿನಾಗೆ ಬಿದ್ದಿದ್ದು ಒಂದೇ ಸಲ. ಮಾತ್ರೆ ಶುರುವಾದ್ಮೇಲೆ ನಲವತ್ತು ಇದ್ದಿದ್ದು ಇಪ್ಪತ್ತಕ್ಕೆ ಇಳಿದೈತೆ. ಔಷಧಿ ಕೆಲ್ಸ ಮಾಡ್ತಾನೇ ಇತ್ತು, ನೀನು ಅದನ್ನ ಬಚ್ಚಿಟ್ಟಿದ್ದೆ."

"ಹೂಂ ಮೇಡಂ."

"ನೀನು ಕಣ್ಣಾರೆ ಅಂದಿದ್ದಕ್ಕೆ ನಾನು ಸ್ಕ್ಯಾನ್‌ನೇ ಅನುಮಾನಿಸ್ದೆ. ಇನ್ನೊಂದು ವಾರ ಆಗಿದ್ರೆ ಇವರ ಕೈ ಹೋಗ್ತಿತ್ತು. ನಿನ್ನ ಮಾತಿಂದ."

ಉಸ್ತಾದರು ನಿಧಾನವಾಗಿ ಎಡಗೆನ್ನೆಗೆ ಕೈ ಇಟ್ಟರು.

"ಹಂಗಾದ್ರೆ ಕೆನ್ನೆ ಅದ್ರೇ ಇಲ್ಲ?"

"ಇಲ್ಲ ಉಸ್ತಾದ್. ಒಂದ್ ಸಲಾನೂ ಇಲ್ಲ."

ಅವರು ಬೈಯಲಿಲ್ಲ. ಕೆನ್ನೆಯಿಂದ ಕೈ ತೆಗೆದು ಗಟ್ಟಿಯಾಗಿ ಉಸಿರು ಬಿಟ್ಟರು, ಎರಡು ವಾರದಿಂದ ಒಳಗೇ ಹಿಡಿದಿಟ್ಟಿದ್ದ ಉಸಿರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಕೆಲಸವನ್ನು ಹೊರಗೆ ಬಂದ ಮೇಲೆ ಅಕ್ಕ ಮಾಡಿದರು, ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ, ಬಸ್‌ಸ್ಟ್ಯಾಂಡ್ ತನಕ.

ಮಾತ್ರೆ ಹಳೆಯ ಪ್ರಮಾಣಕ್ಕೆ ಇಳಿಯಿತು. ಒಂಬತ್ತು ತುಣುಕೂ ಸರ್ಜನ್ನಿಗೆ ಹೋದವು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನಡುವೆ ಎಚ್ಚರ ಮಾಡಿಸಿ ಬೆರಳು ಮಡಚಿ, ಬಿಚ್ಚಿ ಎಂದು ಹೇಳುತ್ತಾ, ಬೆರಳು ಆಡುತ್ತಿರುವಷ್ಟು ಮಾತ್ರ ಮುಂದುವರಿದರಂತೆ. ಕೈ ಪಕ್ಕದ ಒಂದು ತೆಳು ಅಂಚು ಬಿಟ್ಟರು. ಮೊದಲ ವಾರ ಎಡಗೈ ಲೋಟ ಹಿಡಿಯಲಿಲ್ಲ. ಅಕ್ಕ ನನ್ನೊಡನೆ ಆ ವಾರವೂ ಮಾತಾಡಲಿಲ್ಲ. ಎರಡನೇ ವಾರ ಲೋಟ ಹಿಡಿಯಿತು. ಮೂರನೇ ವಾರ ಅಕ್ಕ "ತರಲೆ, ಇಲ್ಲಿ ಬಾ" ಎಂದರು. ಪರೀಕ್ಷೆಗೆ ಕಳಿಸಿದ ಚೂರಿನ ವರದಿಯೂ ಬಂತು. ನಿಧಾನದ ಜಾತಿಯೇ.

"ಪೂರ್ತಿ ಹೋಯ್ತು ಅಂತ ಹೇಳಲ್ಲ" ಎಂದರು ಡಾಕ್ಟರಮ್ಮ. "ಆಗಾಗ ಸ್ಕ್ಯಾನ್ ಮಾಡಿ ನೋಡ್ತಾನೇ ಇರಬೇಕು. ಆದ್ರೆ ಮುಂದೆ ಬಹಳ ವರ್ಷ ಅವೆ ಅಂತ ಧೈರ್ಯವಾಗಿ ಹೇಳ್ತೀನಿ."

ಮೂರು ತಿಂಗಳ ನಂತರದ ಭೇಟಿಗೂ ನಾನು ಹೋದೆ. ಉಸ್ತಾದರೇ ಕರೆದರು. ಡಾಕ್ಟರಮ್ಮ ಅಕ್ಕನನ್ನು ಕೇಳಲಿಲ್ಲ, ಉಸ್ತಾದರನ್ನೂ ಕೇಳಲಿಲ್ಲ.

"ಏನಪ್ಪ ಡ್ರಮ್ಮು, ಎಷ್ಟು ಸಲ ಬಂತು?"

"ಒಂದೇ ಸಲ ಮೇಡಂ. ಹನ್ನೊಂದು ಸೆಕೆಂಡು. ಹೆಬ್ಬೆರಳು ಮಾತ್ರ."

ವೀಡಿಯೋ ತೋರಿಸಲು ಫೋನ್ ತೆಗೆದೆ. ಅವರು ಅಷ್ಟರಲ್ಲಿ ಹನ್ನೊಂದು ಎಂದು ಬರೆದು ಪುಟ ತಿರುಗಿಸಿದ್ದರು.

"ಕೂತ್ಕೊಂಡು ಊದಬಹುದು" ಎಂದರು. "ಮೆರವಣಿಗೆ ಆಮೇಲೆ ನೋಡಾಣ."

ಆಸ್ಪತ್ರೆ ಮೆಟ್ಟಿಲು ಇಳಿಯುವಾಗ ಉಸ್ತಾದರು ನನ್ನ ಭುಜ ಹಿಡಿದು ಕಿವಿಯಲ್ಲಿ ಹೇಳಿದರು. "ಹತ್ತು ಅನ್ನಬಾರ್ದಿತ್ತೇನೋ? ಹತ್ತು ಅಂದ್ರೆ ಕೇಳೋಕೆ ಚೆನ್ನಾಗಿರ್ತಿತ್ತು."

"ಹನ್ನೊಂದು ಉಸ್ತಾದ್."

"ಹತ್ತೂವರೆ?"

"ಹನ್ನೊಂದು."

"ಆಯ್ತು ಕಣೋ ಸತ್ಯವಂತ" ಎಂದು ನಕ್ಕರು. "ನಾಳೆ ಚಿಕ್ಕಜಾಜೂರಲ್ಲಿ ಒಂದು ನಾಮಕರಣ ಐತೆ. ನಂಗೊಂದು ಕುರ್ಚಿ ಹಾಕ್ಸು. ಮಗು ಬೆಚ್ಚದಂಗೆ ಊದಾಣ."